ದೀಪ ಹಚ್ಚುವ ಮುಂಚೆ

ನಾನ್ನೂರು ವರ್ಷಗಳ ಹಿಂದೆ ಗಿಲ್ಬರ್ಟ್ ಎಂಬ ಇಂಗ್ಲಿಷ್ ವೈದ್ಯ ಲೋಹದ ಮುಳ್ಳೊಂದನ್ನು ಮೊನೆಯ ಮೇಲೆ ಸಲೀಸಾಗಿ ತಿರುಗುವಂತೆ ಕೂರಿಸಿ, ಉಜ್ಜಿದ ವಸ್ತುಗಳು ಅದನ್ನು ಸೆಳೆಯುವುದನ್ನು ತೋರಿಸಿದ್ದ. ನನ್ನ ಹೆಂಡತಿ ಉಷಾ ತೀರಿಹೋದ ಮೇಲೆ, ಸ್ಯಾನ್ ಡಿಯಾಗೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊತ್ತು ಹೋಗದೆ, ನಾನೂ ಹಿತ್ತಾಳೆಯಲ್ಲಿ ಅಂಥದ್ದೊಂದನ್ನು ಮಾಡಿದೆ.

ಅವತ್ತು ಸಂಜೆ ಮೇಜಿನ ಮೇಲಿಟ್ಟಿದ್ದ ಮುಳ್ಳು ತಾನಾಗಿ ತಿರುಗಿ, ಪಕ್ಕದ ಕನ್ನಡಿಯ ಕೆಳಗಿದ್ದ ಅವಳ ಪ್ಲಾಸ್ಟಿಕ್ ಬಾಚಣಿಗೆಯತ್ತ ನಿಂತಿತು. ತಲೆ ಬಾಚಿದಾಗ ಬಾಚಣಿಗೆಗೆ ಸೆಳೆತ ಬರುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ನನ್ನ ತಲೆ ಬೋಳಾಗಿ ಎಷ್ಟೋ ವರ್ಷಗಳಾದವು.

ಪಕ್ಕದ ಮನೆಯ ಎಜಾಜ್ ಟೆಲಿಕಾಂ ಇಂಜಿನಿಯರ್. ಮರುದಿನ ಸಂಜೆ ಅವನನ್ನು ಕರೆದು ತೋರಿಸಿದೆ.

"ಒಣ ಗಾಳಿ ಅಲ್ವಾ ಅಂಕಲ್, ಸ್ಟ್ಯಾಟಿಕ್ ಕರೆಂಟ್ ಇರುತ್ತೆ, ನೀರು ಬಿದ್ರೆ ಹೋಗುತ್ತೆ," ಎಂದ. ಬಾಚಣಿಗೆಯನ್ನು ನಲ್ಲಿಯ ಕೆಳಗೆ ತೊಳೆದು ಒದ್ದೆಯಾಗಿಯೇ ತಂದಿಟ್ಟ. ಮುಳ್ಳು ಸೆಳೆತ ತಪ್ಪಿ ಸಡಿಲವಾಯಿತು. ನಾವು ನೋಡುತ್ತಿದ್ದಂತೆಯೇ ಮೆಲ್ಲಗೆ ಮತ್ತೆ ಅತ್ತಲೇ ತಿರುಗಿತು.

ಎಜಾಜ್ ಅದನ್ನು ಇನ್ನೊಮ್ಮೆ ಮುಟ್ಟಲಿಲ್ಲ. "ಒಬ್ಬರೇ ಇರ್ಬೇಡಿ ಅಂಕಲ್, ಊಟಕ್ಕೆ ನಮ್ಮನೆಗೆ ಬನ್ನಿ," ಎಂದು ಹೊರಟುಹೋದ.

ಕತ್ತಲಾಗುತ್ತಿತ್ತು. ಅಡುಗೆಮನೆಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದೆ. ಮುಳ್ಳು ಬಾಚಣಿಗೆಯನ್ನು ಬಿಟ್ಟು ಸುಮ್ಮನೆ ತೂಗುತ್ತಿತ್ತು. ಆಗ ನೆನಪಾಯಿತು. ದೀಪ ಹಚ್ಚುವ ಹೊತ್ತಿಗೆ ಉಷಾಳ ಜಡೆ ಮುಗಿದಿರುತ್ತಿತ್ತು. ಹಚ್ಚಿದ ಮೇಲೆ ತಲೆ ಬಾಚಿದರೆ ಮನೆಗೆ ಒಳ್ಳೆಯದಲ್ಲವೆಂದು ಅವಳು ಬಾಚಣಿಗೆ ಮುಟ್ಟುತ್ತಲೇ ಇರಲಿಲ್ಲ.

ಆಮೇಲೆ ನಾನು ದೀಪ ಹಚ್ಚಿಲ್ಲ. ಸಂಜೆಯಾದರೆ ಕತ್ತಲಲ್ಲೇ ಮೇಜಿನ ಮುಂದೆ ಕೂರುತ್ತೇನೆ. ಒಣಗೂದಲನ್ನು ಬಾಚುವಾಗ ಬರುವ ಆ ಚಿಟಚಿಟ ಸದ್ದು ಕನ್ನಡಿಯ ಕಡೆಯಿಂದ ಕೇಳುತ್ತಲೇ ಇರುತ್ತದೆ.