ಗುಳಿಗೆಯ ಮೇಲಿನ ಸಿಟ್ಟು

“ನನ್ನ ಥೈರಾಯ್ಡ್ ಸುದ್ದಿ ಕಂಪ್ಲಿತನಕ ಮುಟ್ಸಿದವ್ರು ನೀವಲ್ರೀ?”

ಚಿತ್ತವಾಡ್ಗಿಯ ಔಷಧಿ ಅಂಗಡಿಯ ಮುಂದಿದ್ದ ಐದಾರು ಜನ ತಿರುಗಿ ನೋಡಿದರು. ಅಂಗಡಿಯ ಗಾದಿಲಿಂಗನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

ಜ್ಯೋತಿಲಕ್ಷ್ಮಿಗೆ ಮೈಯೆಲ್ಲ ಉರಿಯುತ್ತಿತ್ತು. ತುಂಗಭದ್ರಾ ಡ್ಯಾಂನ ಕಾಲುವೆ ಕಚೇರಿಯಲ್ಲಿ ಅವಳಿಗೆ ಕೆಲಸ. ಗೊತ್ತಾಗಿದ್ದ ಮದುವೆಯನ್ನು ಕಂಪ್ಲಿಯ ರೈಸ್‌ಮಿಲ್ಲಿನವರು ಆ ಬೆಳಿಗ್ಗೆ ಫೋನಿನಲ್ಲೇ ಮುರಿದಿದ್ದರು. ಥೈರಾಯ್ಡ್ ಇರುವ ಹುಡುಗಿಗೆ ಮಕ್ಕಳಾಗುವುದಿಲ್ಲವಂತೆ...

“ನಾ ಯಾರಿಗೂ ಹೇಳಿಲ್ರಿ,” ಎಂದ ಗಾದಿಲಿಂಗ.

“ನಿಮ್ಮನ್ನ ಬಿಟ್ರ ಹೊರಗಿನವ್ರಿಗೆ ಯಾರಿಗೆ ಗೊತ್ತು? ಔಷಧಿ ಬಿಟ್ಟು ಇನ್ನ ಸುದ್ದೀನ ಮಾರ್ರಿ.”

ಅವನ ಮುಖ ಕೆಂಪಾಯಿತು. ಅವಳು ನಿಲ್ಲಲಿಲ್ಲ. ಮನೆಗೆ ಬಂದವಳೇ ಅವನ ಅಂಗಡಿಯಿಂದ ತಂದಿದ್ದ ಥೈರಾಯ್ಡ್ ಗುಳಿಗೆಗಳಲ್ಲಿ ಉಳಿದವನ್ನು ಕಸದ ಬುಟ್ಟಿಗೆ ಎಸೆದಳು.

ಎರಡು ತಿಂಗಳಲ್ಲಿ ಮುಖ ಊದಿತು. ಬಾಚಣಿಗೆ ತುಂಬ ಕೂದಲು. ಬಿಸಿಲಲ್ಲೂ ಚಳಿ. ಒಂದು ಮಧ್ಯಾಹ್ನ ಕಚೇರಿಯ ಮೆಟ್ಟಿಲು ಹತ್ತಲಾಗದೆ ಅಲ್ಲೇ ಕುಳಿತುಬಿಟ್ಟಳು.

ಕಚೇರಿ ಪಕ್ಕದ ಕ್ವಾರ್ಟರ್ಸಿಗೆ ಔಷಧಿ ಕೊಡಲು ಬಂದಿದ್ದ ಗಾದಿಲಿಂಗ ಬೈಕು ನಿಲ್ಲಿಸಿದ.

“ಗುಳಿಗಿ ಬಿಟ್ಟೀರೇನು?”

“ನಿಮಗ್ಯಾಕ?”

“ನನ್ನ ಮ್ಯಾಲಿನ ಸಿಟ್ಟು ನಿಮ್ಮ ಮೈ ಮ್ಯಾಲೆ ಯಾಕ್ರಿ ತೀರಿಸ್ಕೊಂತೀರಿ?” ಅವನ ದನಿಯೂ ಏರಿತು. “ನಿಮ್ಮ ಗ್ರಂಥಿ ಬೇಕಾದಷ್ಟು ಹಾರ್ಮೋನ್ ಮಾಡಂಗಿಲ್ಲ. ಆ ಕೊರತಿ ತುಂಬೋದು ಗುಳಿಗಿ. ದಿನಾ ಖಾಲಿ ಹೊಟ್ಟ್ಯಾಗ ತಗೊಂಡು, ಡಾಕ್ಟರ್ ಹೇಳ್ದಾಗ ರಕ್ತ ತಪಾಸಣಿ ಮಾಡಿಸ್ಕೊಂಡ್ರ ಎಷ್ಟೋ ಮಂದಿಗೆ ಮಕ್ಕಳಾಗ್ಯಾವು. ನನ್ನ ಅಂಗಡಿ ಬ್ಯಾಡಂದ್ರ ಬ್ಯಾರೆ ಕಡೆ ತಗೊಳ್ರಿ. ಆದ್ರ ತಗೊಳ್ರಿ.”

ಅವನು ಹೊರಟುಹೋದ. ‘ಸುಳ್ಳು ಹೇಳುವವನು ಹೀಗೆ ಬೈಯುತ್ತಾನೆಯೇ?’ ಎಂದುಕೊಂಡಳು ಅವಳು.

ಕಂಪ್ಲಿಯವರಿಗೆ ಹೇಳಿದ್ದು ಯಾರೆಂದು ಸಂಜೆ ಅವ್ವನನ್ನು ಕೇಳಿದಳು. ಅಕ್ಕಿ ಆರಿಸುತ್ತಿದ್ದ ಚೆನ್ನಬಸಮ್ಮ ತಲೆ ಎತ್ತಲಿಲ್ಲ.

“ನಾನ ಹೇಳಿದ್ದವ್ವ. ಮುಚ್ಚಿಟ್ಟು ಮಾಡಿದ್ರ ಮುಂದ ನಿನಗ ತ್ರಾಸು ಅಂತ...”

“ನನ್ನ ಮೈ ಸುದ್ದಿ ಅವ್ವಾ ಅದು. ನಾನ ಹೇಳ್ತಿದ್ದೆ. ನನ್ನ ಒಂದ್ ಮಾತು ಕೇಳಬೇಕಿತ್ತು.”

ಎರಡು ತಿಂಗಳು ಯಾರ ಮೇಲೋ ಸುರಿದ ಬೆಂಕಿ ಈಗ ಅವಳನ್ನೇ ಸುಟ್ಟಿತು.

ಮರುದಿನ ಡಾಕ್ಟರನ್ನು ಕಂಡು, ಹೊಸ ಚೀಟಿ ಹಿಡಿದು, ಜನ ತುಂಬಿದ ಹೊತ್ತಿಗೇ ಅವನ ಅಂಗಡಿಗೆ ಹೋದಳು.

“ಅವತ್ತು ಎಲ್ಲರ ಮುಂದ ಅಂದಿದ್ದೆ. ಇವತ್ತೂ ಎಲ್ಲರ ಮುಂದ ಹೇಳ್ತೀನಿ. ಇವರದೇನೂ ತಪ್ಪಿಲ್ಲ. ತಪ್ಪು ನಂದು.”

ಗಾದಿಲಿಂಗ ನಗಲಿಲ್ಲ. ಜನ ಕರಗಿದ ಮೇಲೆ ಮೆಲ್ಲಗೆ ಹೇಳಿದ, “ಬ್ಯಾರೆ ಯಾರರ ಅಂದಿದ್ರ ಇಷ್ಟು ನೋಯ್ತಿದ್ದಿಲ್ರಿ.”

ಅವಳು ಹೊಸ ಚೀಟಿಯನ್ನು ಅವನ ಮುಂದಿಟ್ಟಳು.

ತಿಂಗಳು ತಿಂಗಳೂ ಗುಳಿಗೆಗೆ ಬಂದಾಗ ಮಾತು ಉದ್ದವಾಗುತ್ತ ಹೋಯಿತು. ಮೆಟ್ಟಿಲು ಹತ್ತಿದರೆ ಈಗ ಏದುಸಿರಿಲ್ಲ. ಐದನೆಯ ತಿಂಗಳು, ರಕ್ತದ ವರದಿ ಸರಿಯಾಗಿದೆಯೆಂದು ಅವಳು ಹೇಳಿದ ದಿನ, ಅವನು ಕೇಳಿಯೇಬಿಟ್ಟ.

“ನಮ್ಮವ್ವನ್ನ ಕರ್ಕೊಂಡು ನಿಮ್ಮನಿಗೆ ಬರ್ಲೇನ್ರಿ?”

ಅವಳು ಅವನನ್ನೇ ನೋಡಿದಳು. “ಈ ಗುಳಿಗಿ ಜೀವನಪೂರ್ತಿ ಇರಬಹುದು. ನಿಮ್ಮವ್ವಗ ಗೊತ್ತೇನು?”

“ನಾ ಹೆಂಗ ಹೇಳ್ಲಿ? ಅದು ನೀವು ಹೇಳೋ ಮಾತು.”

ಅವಳ ಕಣ್ಣು ತುಂಬಿತು.

“ಭಾನುವಾರ ಬರ್ರಿ. ಚಹಾದ ತಟ್ಟಿ ಹಿಡ್ಕೊಂಡು ತಲಿ ಬಗ್ಗಿಸಿ ನಿಂದ್ರಂಗಿಲ್ಲ ನಾನು. ಎದುರಿಗೆ ಕುಂತು ಎಲ್ಲಾ ಹೇಳ್ತೀನಿ.”

“ಆಗ ನಿಮ್ಮ ಪಕ್ಕ ನಾ ಕುಂದ್ರಲೇನು?”

“ಕುಂದ್ರಿ.”