ಬೊಮ್ಮಜ್ಜಿಯ ಸುಡುಮಣ್ಣು

“ಬೆಂಕಿ ಹಚ್ಚಿದ್ರೆ ನಾ ಅದ್ಕೆ ನೀರು ಸುರೀತೆ, ನೋಡು!”

“ಸುರಿ! ಆಮೇಲೆ ಊಟಕ್ಕೆ ಹರಿವೆ ಸೊಪ್ಪು ಬೇಕು ಅಂತ ಬಾ, ಬಟ್ಟಲಿಗೆ ಮಣ್ಣು ಬಡಿಸ್ತೆ.”

ಬೊಮ್ಮಜ್ಜಿ ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊಮ್ಮಗಳು ಯೋಗಿತಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

ಮನೆಯ ಹಿಂದೆ ಒಣ ಸೊಪ್ಪಿನ ರಾಶಿ ತಯಾರಾಗಿತ್ತು. ಮಳೆ ಮುಗಿದ ಮೇಲೆ ಅಜ್ಜಿ ಅದರ ಮೇಲೆ ಮಣ್ಣು ಮುಚ್ಚಿ ಸುಡುತ್ತಾಳೆ. ಆ ಸುಡುಮಣ್ಣಿನಲ್ಲೇ ಹರಿವೆ, ಮೂಲಂಗಿ ಬಿತ್ತುವುದು. ರಾಶಿ ಎರಡು ದಿನ ಹೊಗೆ ಬಿಡುತ್ತದೆ. ಹೊಗೆಯೆಲ್ಲ ಮನೆಯೊಳಗೆ.

“ಶನಿವಾರ ನರ್ಸ್ ಅಕ್ಕೋರು ಮತ್ತೆ ಬರ್ತ್ರು! ಮುಳ್ಳು ಮೇಲೆ ಹೋಗ್ದಿದ್ರೆ ಸರ್ ನನ್ನ ರೇಸಿಗೆ ಸೇರ್ಸೂದಿಲ್ಲ!”

ಹೋದ ವಾರ ನರ್ಸ್ ಶಾಲೆಗೆ ಬಂದು ಎಲ್ಲರಿಂದಲೂ ಉಸಿರಿನ ಬಲ ಅಳೆಯುವ ಒಂದು ಸಣ್ಣ ಮೀಟರ್ ಊದಿಸಿದ್ದರು. ಗೆಳತಿ ಸ್ವಾತಿಯ ಮುಳ್ಳು ಸರ್ರನೆ ಮೇಲೆ ಹೋಯಿತು. ಅಂಕೋಲೆಯ ಕ್ರೀಡಾಕೂಟದಲ್ಲಿ ಓಡಬೇಕಿದ್ದ ಯೋಗಿತಾಳದು ಅರ್ಧದಲ್ಲೇ ನಿಂತಿತು. “ಎದೆ ಬಿಗಿದಿದೆ. ಮನೆ ಹತ್ತಿರ ಹೊಗೆ, ಧೂಳು ಇದೆಯಾ?” ಎಂದು ನರ್ಸ್ ಕೇಳಿದ್ದರು.

“ನಾ ಸಣ್ಣಿದ್ದಾಗಿಂದ ಸುಡ್ತೆ. ನಂಗೆಂತಾ ಆಗಿದೆ?”

“ಆಗ ಬರೀ ಸೊಪ್ಪಿತ್ತು. ಈಗ ನೀ ಹೈವೇ ಬದಿಂದ ಗುಡಿಸ್ಕಂಡು ಬರ್ತ್ಯ. ಅದ್ರಲ್ಲಿ ಚಿಪ್ಸ್ ಪಾಕೀಟು, ಗುಟ್ಕಾ ಚೀಟಿ ಎಲ್ಲಾ ಇದೆ! ಬರೀ ಸೊಪ್ಪಿನ ಹೊಗೆನೂ ಒಳ್ಳೇದಲ್ಲ ಅಂದ್ರು ಅಕ್ಕೋರು.”

“ಅಕ್ಕೋರು ಗದ್ದೆ ಮಾಡ್ತ್ರಾ? ಊದೂದು ನಂಗೆ ಹೇಳ್ಕೊಡ್ತ್ಯಾ? ಐವತ್ತು ವರ್ಷದಿಂದ ಒಲೆ ಊದ್ತೆ. ನೋಡು!”

ಅಜ್ಜಿ ಊದುಗೊಳವೆ ಎತ್ತಿಕೊಂಡು ಒಲೆಗೆ ಊದಿದಳು. ಕೆಂಡ ಕೆಂಪಾಗಲಿಲ್ಲ. ಇನ್ನೊಮ್ಮೆ ಊದಿದಳು. ಕೆಮ್ಮು ಬಂತು. ನಿಲ್ಲಲೇ ಇಲ್ಲ. ಗೋಡೆ ಹಿಡಿದು ಕುಳಿತಳು.

ಯೋಗಿತಾ ಓಡಿ ಚೊಂಬಿನಲ್ಲಿ ನೀರು ತಂದಳು. “ಅಜ್ಜೀ...”

“ಸರಿ ಆಚೆ!”

ಅಜ್ಜಿ ನೀರು ಮುಟ್ಟಲಿಲ್ಲ. ಎದ್ದು, ಗುದ್ದಲಿ ಹೆಗಲಿಗೇರಿಸಿ ಹೊರಗೆ ಹೋದಳು.

ಯೋಗಿತಾಳ ಕಣ್ಣು ತುಂಬಿತು. ದಡಕ್ಕನೆ ಕಿಟಕಿ ಮುಚ್ಚಿದಳು. ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದಳು. ಹೊಗೆಗೆ ಕಾದಳು.

ಹೊಗೆ ಬರಲಿಲ್ಲ. ಧಪ್, ಧಪ್ ಎಂಬ ಸದ್ದು ಬಂತು.

ಕಿಟಕಿಯ ಸಂದಿಯಿಂದ ಇಣುಕಿದಳು. ಅಜ್ಜಿ ತೆಂಗಿನ ಮರದ ಹತ್ತಿರ ಗೊಬ್ಬರದ ಗುಂಡಿ ತೋಡುತ್ತಿದ್ದಳು. ರಾಶಿಯಿಂದ ಆರಿಸಿದ ಪಾಕೀಟುಗಳು ಒಂದು ಚೀಲದಲ್ಲಿದ್ದವು. ಎರಡು ಬುಟ್ಟಿ ಸೊಪ್ಪು ಆಗಲೇ ಗುಂಡಿಗೆ ಬಿದ್ದಿತ್ತು. ನಡುವೆ ಕೆಮ್ಮು. ಅಜ್ಜಿ ನಿಂತು ಉಸಿರೆಳೆದುಕೊಂಡಳು. ಮತ್ತೆ ಧಪ್, ಧಪ್.

ಊಟದ ಹೊತ್ತಾಯಿತು. ಅಜ್ಜಿ ಒಳಗೆ ಬರಲಿಲ್ಲ.

ಅಜ್ಜಿಯ ಸೊಂಟದಲ್ಲಿದ್ದ ಬೆಂಕಿಪೊಟ್ಟಣ ಈಗ ಒಲೆಯ ಪಕ್ಕದಲ್ಲಿತ್ತು. ಅಜ್ಜಿ ಅದನ್ನು ಮರೆತು ಹೋಗುವವಳೇ ಅಲ್ಲ.

ಯೋಗಿತಾ ಅದನ್ನೇ ನೋಡುತ್ತ ನಿಂತಳು. ಆಮೇಲೆ ಸೀರೆ ಎಳೆದು ತೆಗೆದಳು. ನೀರಿನ ಚೊಂಬು ಎತ್ತಿಕೊಂಡಳು. ಹೋಗುವ ಮೊದಲು ಕಿಟಕಿಯನ್ನು ಅಗಲಕ್ಕೆ ತೆರೆದಿಟ್ಟಳು.