ಇನ್ನೂರು ಹನಿ

ಹದಿನೇಳನೇ ತಾರೀಖು ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ದರ್ಜಿ ದೂರನ್ನು ಬರೆದೇ ತಂದಿದ್ದ. ಹಿಂದಿನ ದಿನ ಆಸ್ಪತ್ರೆಯಲ್ಲಿ ರಕ್ತ ಏರಿಸಿದ ಕಾಲು ಗಂಟೆಯಲ್ಲೇ ಅವನ ಹೆಂಡತಿಯ ಮೈ ನಡುಗಿ, ಸಂಜೆಗೆ ಪ್ರಾಣ ಹೋಗಿತ್ತು. ಬೇರೆ ಗುಂಪಿನ ರಕ್ತ ಹೋಗಿದೆಯೆಂದು ಡಾಕ್ಟರೇ ಬರೆದುಕೊಟ್ಟಿದ್ದರು. ಇನ್‌ಸ್ಪೆಕ್ಟರಮ್ಮ 10.15ಕ್ಕೆ ಎಫ್‌ಐಆರ್ ದಾಖಲಿಸಿದರು. ಬೆಳಗಾಯಿತು ಎಂದು ಯಾರಾದರೂ ಹೇಳಿದರೂ ಕಿಟಕಿ ತೆಗೆದು ನೋಡುವ ಹೆಂಗಸು. ಠಾಣೆಯಲ್ಲಿ ಅವರಿಗೆ ಬೆನ್ನ ಹಿಂದಿನ ಹೆಸರು ಭೂತಗನ್ನಡಿ.

ಮೊದಲ ಅನುಮಾನ ರಕ್ತದ ಚೀಲ ನೇತುಹಾಕಿದ ನರ್ಸ್ ಮೇಲೆ. ಆದರೆ ಚೀಲದ ಮೇಲೂ ಕೇಸ್‌ಶೀಟಿನಲ್ಲೂ ‘ಬಿ’ ಗುಂಪೇ ಇತ್ತು. ಸತ್ತವಳದು ‘ಓ’. ಅದೇ ಹೆಸರಿನ ಇನ್ನೊಬ್ಬಾಕೆಯ ಹಳೆಯ ಫೈಲನ್ನು ದಾಖಲಾತಿಯ ಗುಮಾಸ್ತ ಇವಳಿಗೆ ಸೇರಿಸಿದ್ದ. ಹಾಗಿದ್ದರೂ ರಕ್ತನಿಧಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳಬೇಕಿತ್ತಲ್ಲ?

ರಕ್ತನಿಧಿಯ ಟೆಕ್ನಿಷಿಯನ್‌ನನ್ನು ಆಸ್ಪತ್ರೆಯವರೆಲ್ಲ ಪ್ರೀತಿಯಿಂದ ‘ರಕ್ತದ ಮಾಮ’ ಎನ್ನುತ್ತಿದ್ದರು. ಅವನ ರಿಜಿಸ್ಟರಿನಲ್ಲಿ ಪರೀಕ್ಷೆ ಮಾಡಿದ ಹೊತ್ತು, ಫಲಿತಾಂಶ, ಸಹಿ, ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿದ್ದವು. ಗೋಡೆಯ ಮೇಲೆ ಅತಿ ಕಡಿಮೆ ಖರ್ಚಿನಲ್ಲಿ ರಕ್ತನಿಧಿ ನಡೆಸಿದ್ದಕ್ಕೆ ಕೊಟ್ಟ ಪ್ರಶಸ್ತಿಪತ್ರ. ಅದನ್ನು ಕಂಡೇ ಇನ್‌ಸ್ಪೆಕ್ಟರಮ್ಮನಿಗೆ ಒಳಗೊಳಗೇ ಇರುಸುಮುರುಸಾಯಿತು. ಫ್ರಿಜ್ಜಿನಿಂದ ರಕ್ತದ ಗುಂಪು ಪತ್ತೆಹಚ್ಚುವ ನೀಲಿ ದ್ರಾವಣದ ಬಾಟಲಿ ತೆಗೆದರು. ‘ತೆರೆದದ್ದು: 3ನೇ ತಾರೀಖು’ ಎಂದು ಚೀಟಿ ಅಂಟಿಸಿತ್ತು.

“ಒಂದು ಪರೀಕ್ಷೆಗೆ ಇದು ಎಷ್ಟು ಬೇಕು?”

“ಒಂದು ಹನಿ.”

“ಬಾಟಲಿಯಲ್ಲಿ ಎಷ್ಟು ಹನಿ?”

“ಇನ್ನೂರು ಬರುತ್ತೆ ಮೇಡಂ.”

ಮೂರನೇ ತಾರೀಖಿನಿಂದ ಎಷ್ಟು ಪರೀಕ್ಷೆ ಎಂದು ಕಾನ್‌ಸ್ಟೇಬಲ್ ರಿಜಿಸ್ಟರಿನಲ್ಲಿ ಎಣಿಸಿದ. ನೂರಾ ಎಂಬತ್ತನಾಲ್ಕು. ಈ ತಿಂಗಳು ಬೇರೆ ಬಾಟಲಿ ತೆರೆದಿಲ್ಲವೆಂದು ದಾಸ್ತಾನು ಪುಸ್ತಕ ಹೇಳುತ್ತಿತ್ತು. ಇನ್‌ಸ್ಪೆಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದರು. ದ್ರಾವಣ ಇನ್ನೂ ಮುಕ್ಕಾಲು ಬಾಟಲಿ ಇತ್ತು.

“ಇದೇನು ಅಕ್ಷಯಪಾತ್ರೆನಾ?”

ಅವನು ಡ್ರಾಯರ್ ಎಳೆದ. ಅದರಿಂದ ಆಸ್ಪತ್ರೆಯ ಆಡಳಿತ ಮಂಡಳಿಯ ಪತ್ರ ತೆಗೆದುಕೊಟ್ಟ: ಖರ್ಚು ಇಳಿಯದಿದ್ದರೆ ರಕ್ತನಿಧಿ ಮುಚ್ಚಲಾಗುವುದು.

“ಹಳೇ ಫೈಲಿದ್ದವರಿಗೆ ಅದರಲ್ಲಿರೋ ಗುಂಪನ್ನೇ ಬರೆದೆ. ಚೀಲದ ರಕ್ತ ಅವರ ರಕ್ತಕ್ಕೆ ಹೊಂದುತ್ತಾ ಅಂತಾನೂ ನೋಡ್ಲಿಲ್ಲ. ಇದು ಮುಚ್ಚಿದ್ರೆ ರಕ್ತಕ್ಕೆ ಅರವತ್ತು ಕಿಲೋಮೀಟರ್ ಹೋಗ್ಬೇಕು ಮೇಡಂ. ಇದು ಶುರುವಾಗೋ ಮುಂಚೆ ನನ್ನ ಹೆಂಡತಿ ಹೆರಿಗೇಲಿ ಹಾಗೇ ಹೋದ್ಲು. ರಕ್ತ ಇನ್ನೂ ದಾರೀಲಿತ್ತು.”

ಮಧ್ಯಾಹ್ನ 2.20ಕ್ಕೆ ಬಂಧನ. ಪಂಚರ ಮುಂದೆ ಬಾಟಲಿ, ರಿಜಿಸ್ಟರು, ಪ್ರಶಸ್ತಿಪತ್ರ ವಶಪಡಿಸಿಕೊಂಡು ಪಂಚನಾಮೆ ಬರೆದರು. ಬಾಗಿಲಿಗೆ ಬೀಗ ಹಾಕಿ ಅರಗು ಒತ್ತುವಾಗ ಹೆರಿಗೆ ವಾರ್ಡಿನ ನರ್ಸ್ ಚೀಟಿ ಹಿಡಿದು ಓಡಿಬಂದಳು. ಎರಡು ಚೀಲ ರಕ್ತ ಬೇಕಿತ್ತು, ತುರ್ತಾಗಿ.

“ಇದೊಂದನ್ನ ಸರಿಯಾಗಿ ಪರೀಕ್ಷೆ ಮಾಡಿ ಕೊಟ್ಟುಬಿಡ್ತೀನಿ ಮೇಡಂ,” ಎಂದ ಅವನು, ಬೇಡಿ ಬಿದ್ದ ಕೈ ಚಾಚಿ.

ಇನ್‌ಸ್ಪೆಕ್ಟರಮ್ಮ ನರ್ಸ್ ಕೈಯ ಚೀಟಿಯನ್ನು ಎರಡು ಸಲ ಓದಿದರು. ಆದರೂ ತಲೆಯಾಡಿಸಿ ಬೇಡವೆಂದರು. ಅರಗು ಆರುವ ಮೊದಲೇ ಆಂಬುಲೆನ್ಸ್ ಅರವತ್ತು ಕಿಲೋಮೀಟರಿನ ದಾರಿ ಹಿಡಿಯಿತು.